ವರದಿ ಬರೆಯಲು ಕೂರುವ ಮುನ್ನ

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಬಿದ್ದುಹೋಗಿದೆ, ನೀವು ವರದಿ ಮಾಡಬೇಕು ಅಂದುಕೊಳ್ಳಿ. ಬೆಳಗಿನಿಂದ ಮಂಡಿ ಸುತ್ತಿದ್ದೀರಿ, ನೋಟ್‌ಬುಕ್ ತುಂಬಿದೆ. ಆದರೂ ಟೈಪ್ ಮಾಡಲು ಕೂರಬೇಡಿ.

ಮೊದಲು ನೋಟ್‌ಬುಕ್ ಮುಚ್ಚಿಡಿ. ‘ಏನಂತೆ ಮಂಡಿಯಲ್ಲಿ?’ ಎಂದು ಮನೆಯವರು ಕೇಳಿದರೆ ಏನು ಹೇಳುತ್ತೀರಿ? ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಟೊಮೆಟೊ ಬೆಲೆ ಕುಸಿತ’ ಬರೀ ವಿಷಯ. ‘ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ಹೊಲದಲ್ಲೇ ಬಿಡುತ್ತಿದ್ದಾರೆ’ ಎಂದಾಗ ಸುದ್ದಿ. ಆ ವಾಕ್ಯ ಹೊಳೆಯದಿದ್ದರೆ ಮಾಹಿತಿ ಸಾಲದು ಎಂದರ್ಥ. ಇನ್ನೊಂದು ಸುತ್ತು ಹೋಗಿಬನ್ನಿ.

ಈಗ ನೋಟ್‌ಬುಕ್ ತೆರೆದು, ಆ ವಾಕ್ಯಕ್ಕೆ ಬೇಕಾದ್ದನ್ನು ಮಾತ್ರ ಗುರುತು ಹಾಕಿ. ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಇವತ್ತಿಗೆ ಬೇಡ.

ಅಂಕಿಗಳಿಗೆ ಜಾಸ್ತಿ ಹೊತ್ತು ಕೊಡಿ. ಕೋಲಾರದಲ್ಲಿ ಟೊಮೆಟೊ ಹರಾಜು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. ‘ಅರವತ್ತಕ್ಕೆ ಹೋಯ್ತು’ ಎಂದು ರೈತರು ಹೇಳಿದರೆ ಅದು ಬಾಕ್ಸ್‌ಗೆ. ಅಂದರೆ ಕಿಲೋಗೆ 4 ರೂಪಾಯಿ. ನೀವು ಸುಮ್ನೆ ‘60 ರೂಪಾಯಿ’ ಎಂದು ಬರೆದರೆ ಬೆಂಗಳೂರಿನ ಓದುಗರು ಕಿಲೋಗೆ ಅಂದುಕೊಳ್ಳುತ್ತಾರೆ, ‘ಒಳ್ಳೇ ಬೆಲೆಯೇ ಇದೆಯಲ್ಲ’ ಅಂತಾರೆ. ಇಡೀ ವರದಿ ತಲೆಕೆಳಗಾಯಿತು, ಅಲ್ವಾ? ಕೂಲಿ, ಗಾಡಿ ಬಾಡಿಗೆ ಎಲ್ಲ ಕಳೆದು ಕೈಗೆ ಬಂದದ್ದೆಷ್ಟು ಎಂದೂ ಕೇಳಿ. ಬಿಲ್ಲು ತೋರಿಸಿದರೆ ಫೋಟೊ ತೆಗೆದಿಟ್ಟುಕೊಳ್ಳಿ.

ಆಮೇಲೆ ಯಾರ ಮಾತು ಬಿಟ್ಟುಹೋಗಿದೆ ನೋಡಿ. ರೈತರು ಸಿಕ್ಕರು, ಮಂಡಿಯವರೂ ಸಿಕ್ಕರು. ಎಪಿಎಂಸಿ ಕಾರ್ಯದರ್ಶಿ? ಕೊಯ್ಲಿಗೆ ಬರುವ ಹೆಂಗಸರು? ಇವರನ್ನೆಲ್ಲ ಬರೆಯುವ ಮೊದಲೇ ಮಾತಾಡಿಸಬೇಕು. ಪೇಜು ಅಚ್ಚಿಗೆ ಹೋಗುವ ಹೊತ್ತಿಗೆ ಒಂದೇ ಸಲ ರಿಂಗ್ ಕೊಟ್ಟು ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆಯುವುದು ಅನ್ಯಾಯ. ಇಲಾಖೆಯ ಕಡತಕ್ಕೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯನ್ನೂ ಇವತ್ತೇ ಹಾಕಿಬಿಡಿ. ಉತ್ತರ ಕೊಡಲು 30 ದಿನ ಅವಕಾಶವಿದೆ, ಮುಂದಿನ ವರದಿಗಾಯಿತು.

ಕೊನೆಗೆ ಜೋಡಣೆ. ಒಂದು ಚೀಟಿಯಲ್ಲಿ ಐದಾರು ಸಾಲು ಸಾಕು. ದಿನದ ಸುದ್ದಿಯಾದರೆ ಮುಖ್ಯವಾದದ್ದು ಮೇಲಿರಲಿ. ಜಾಗ ಸಾಲದಿದ್ದರೆ ಕಚೇರಿಯಲ್ಲಿ ವರದಿ ತಿದ್ದುವ ಡೆಸ್ಕ್‌ನವರು ಕೆಳಗಿನಿಂದ ಕತ್ತರಿಸುತ್ತಾರೆ. ಪುರವಣಿಗಾದರೆ ಹೊಲದಲ್ಲಿ ಕೊಳೆಯುತ್ತಿರುವ ಹಣ್ಣಿನಿಂದಲೇ ಶುರು ಮಾಡಬಹುದು. ಆದರೆ ಮೂರನೇ ಪ್ಯಾರಾದೊಳಗೆ ಆ ಒಂದು ವಾಕ್ಯ ಬರಲೇಬೇಕು. ಚೀಟಿಯನ್ನು ಕಣ್ಣೆದುರು ಇಟ್ಟುಕೊಂಡು ಈಗ ಟೈಪ್ ಮಾಡಿ.