ಅಪ್ಪನ ಹಳೇ ಫೋನು ಮಗಳ ಕೈಗೆ: ಕೊಡುವ ಮೊದಲು ಇಷ್ಟು ಮಾಡಿ

ಏಳನೇ, ಎಂಟನೇ ಕ್ಲಾಸಿನ ಮಕ್ಕಳಿಗೆ ಸಾಮಾನ್ಯವಾಗಿ ಸಿಗುವುದು ಅಪ್ಪನ ಹಳೇ ಫೋನು. ಜೊತೆಗೆ ಅದರೊಳಗಿರುವ ಅಪ್ಪನ ಜಿಮೇಲ್ ಕೂಡ. ಗೂಗಲ್ ಲೆಕ್ಕದಲ್ಲಿ ಆ ಫೋನ್ ಹಿಡಿದವರ ವಯಸ್ಸು 45! ಮತ್ತೆ ಮಕ್ಕಳಿಗಾಗಿ ಇರುವ ಕಂಟ್ರೋಲ್ ಹೇಗೆ ಕೆಲಸ ಮಾಡಬೇಕು?

ಹಾಗಾಗಿ ಮೊದಲು ಫೋಟೊ, ನಂಬರ್‌ಗಳನ್ನು ಬೇರೆ ಕಡೆ ಉಳಿಸಿಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡಿ. ಮಗುವಿನ ಹೆಸರಿನಲ್ಲೇ ಗೂಗಲ್ ಖಾತೆ ತೆರೆಯಿರಿ. ಹುಟ್ಟಿದ ದಿನಾಂಕ ನಿಜವಾದದ್ದೇ ಇರಲಿ. ಮುಂದಿನದ್ದೆಲ್ಲ ನಿಂತಿರುವುದು ಅದರ ಮೇಲೆ.

ಆಮೇಲೆ ನಿಮ್ಮ ಫೋನಿಗೆ ಮಕ್ಕಳ ಫೋನ್ ಬಳಕೆಗೆ ಮಿತಿ ಹಾಕುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿಕೊಂಡು ಮಗುವಿನ ಖಾತೆಯನ್ನು ಸೇರಿಸಿ. 13 ತುಂಬಿದ್ದರೆ ಮಗುವಿನ ಒಪ್ಪಿಗೆಯೂ ಬೇಕು. ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಮಗು ಮಲಗಿದ ಮೇಲೆ ಗುಟ್ಟಾಗಿ ಹಾಕುವ ಪತ್ತೇದಾರಿ ಆ್ಯಪ್‌ಗಳ ಸಹವಾಸ ಬೇಡ. ಗೊತ್ತಾದ ದಿನ ಮಗು ನಿಮ್ಮನ್ನು ನಂಬುವುದು ಬಿಡುತ್ತದೆ, ಬೇರೆ ಫೋನ್ ಹುಡುಕುತ್ತದೆ.

ದಿನಕ್ಕೆ ಎಷ್ಟು ಗಂಟೆ ಅಂತ ಜಗಳ ಆಮೇಲೆ. ಮೊದಲು ಅದೇ ಆ್ಯಪ್‌ನಲ್ಲಿ ‘ಡೌನ್‌ಟೈಮ್’, ಅಂದರೆ ಫೋನ್ ತಾನಾಗಿ ಲಾಕ್ ಆಗುವ ಹೊತ್ತು, ಇಡಿ. ರಾತ್ರಿ ಹತ್ತಕ್ಕೆ ಫೋನ್ ಲಾಕ್ ಆದರೆ ಅರ್ಧ ತಲೆನೋವು ಹೋಯಿತು ಅಂತಲೇ ಲೆಕ್ಕ. ಗೇಮು, ವಿಡಿಯೊ ಆ್ಯಪ್‌ಗಳಿಗೆ ಒಂದೊಂದಕ್ಕೂ ಬೇರೆ ಮಿತಿ ಇಡಬಹುದು. ಹೋಮ್‌ವರ್ಕ್ ಬರುವ ಆ್ಯಪ್ ಅನ್ನು ಮಿತಿಯಿಂದ ಹೊರಗಿಡಿ. ಇಲ್ಲದಿದ್ದರೆ ಸಂಜೆಯೆಲ್ಲ ‘ಸ್ವಲ್ಪ ಓಪನ್ ಮಾಡಿಕೊಡಮ್ಮ’ ಅಂತ ಹಿಂದೆ ಮುಂದೆ ಸುತ್ತುತ್ತಾರೆ.

ಇನ್‌ಸ್ಟಾಗ್ರಾಂ ಬೇಕೇ ಬೇಕು ಅಂದರೆ? 13ಕ್ಕಿಂತ ಚಿಕ್ಕವರಿಗೆ ಅದರ ನಿಯಮದಲ್ಲೇ ಜಾಗವಿಲ್ಲ. 13ರಿಂದ 17ರವರೆಗಿನವರಿಗೆ ‘ಟೀನ್ ಅಕೌಂಟ್’ ಇದೆ, 2025ರಿಂದ ಭಾರತದಲ್ಲೂ. ಖಾತೆ ತಾನಾಗಿ ಪ್ರೈವೇಟ್ ಆಗುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. 16ರೊಳಗಿನವರು ಈ ಕಟ್ಟುಪಾಡು ಸಡಿಲಿಸಲು ಹೆತ್ತವರ ಅನುಮತಿ ಬೇಕು. ಹೆತ್ತವರು ನಿಗಾ ಇಡುವ ‘ಸೂಪರ್‌ವಿಷನ್’ ಆನ್ ಮಾಡಿಕೊಂಡರೆ ಕಳೆದ ಏಳು ದಿನಗಳಲ್ಲಿ ಯಾರಿಗೆ ಮೆಸೇಜ್ ಮಾಡಿದ್ದಾರೆ ಅಂತ ಕಾಣುತ್ತದೆ. ಏನು ಬರೆದಿದ್ದಾರೆ ಅನ್ನುವುದು ಕಾಣುವುದಿಲ್ಲ. ನನ್ನ ಕೇಳಿದರೆ ಅಷ್ಟೇ ಸಾಕು. ಆದರೆ ಖಾತೆಯಲ್ಲಿ ವಯಸ್ಸು 18 ದಾಟಿದ್ದರೆ ಇದ್ಯಾವುದೂ ಅನ್ವಯಿಸುವುದಿಲ್ಲ. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು!

ಟಿವಿಯನ್ನು ಮರೆಯುವವರೇ ಜಾಸ್ತಿ. ಅಲ್ಲಿಯೂ ಯೂಟ್ಯೂಬ್ ಓಡುವುದು ಅಪ್ಪನ ಖಾತೆಯಲ್ಲೇ ಅಲ್ವಾ? ಒಟಿಟಿಗಳಲ್ಲಿ ಮಗುವಿಗೆ ಬೇರೆ ಪ್ರೊಫೈಲ್ ಮಾಡಿ, ದೊಡ್ಡವರದಕ್ಕೆ ಪಿನ್ ಹಾಕಿ.

ಇಷ್ಟಾದ ಮೇಲೆ ಒಂದು ದಿನ ಇನ್‌ಸ್ಟಾಗ್ರಾಂನ ಆ ಮೆಸೇಜ್ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಕಂಡಿತು ಅಂದುಕೊಳ್ಳಿ. ಫೋನ್ ಕಿತ್ತುಕೊಳ್ಳಬೇಡಿ, ಯಾರು ಅಂತ ಕೇಳಿ. ಹೆದರಿಸುವ ಮೆಸೇಜ್ ಬಂದಿದ್ದರೆ ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಲಾಕ್ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ, ಮಗುವಿಗೆ ಕಿರುಕುಳ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.