ಜರ್ಮನಿಗೆ ಮಕ್ಕಳ ಮನೆಗೆ ಹೊರಟಿರುವ ಮಾಜಿ ಸೈನಿಕರಿಗೆ

ನಮ್ಮ ಸಾಗರ, ತೀರ್ಥಹಳ್ಳಿ ಕಡೆ ಮಿಲಿಟರಿಯಿಂದ ರಿಟೈರ್ ಆದವರು ಯಾರಾದರೂ ಜರ್ಮನಿಗೆ ಹೊರಟಿದ್ದರೆ ಇದನ್ನು ಓದಿ. ಸರ್ವಿಸಿನ ಹಳೆ ಬ್ಯಾಗ್ ಒಯ್ಯುವುದಾದರೆ ಪ್ರತಿ ಜೇಬನ್ನೂ ಹೊರಗೆ ತಿರುಗಿಸಿ ನೋಡಿ. ಖಾಲಿ ಕಾಡತೂಸು ಒಂದು ಸಿಕ್ಕಿದರೂ ಏರ್‌ಪೋರ್ಟಿನಲ್ಲೇ ತಡೆದು ನಿಲ್ಲಿಸುತ್ತಾರೆ.

ಅಲ್ಲಿ ಭಾನುವಾರ ಹೆಚ್ಚುಕಡಿಮೆ ಎಲ್ಲ ಅಂಗಡಿ ಬಂದ್. ಮಳೆಗಾಲಕ್ಕೆ ಮುಂಚೆ ನಾವು ಸಾಮಾನು ತುಂಬಿಸಿಡುವ ಹಾಗೆ ಶನಿವಾರವೇ ಹಾಲು, ತರಕಾರಿ ತಂದಿಡಿ. ಅಂಗಡಿಯ ತಳ್ಳುಗಾಡಿ ಬಿಡಿಸಲು ಜೇಬಿನಲ್ಲಿ 1 ಯೂರೋ ನಾಣ್ಯ ಇರಲಿ, ಗಾಡಿ ವಾಪಸ್ ಸಿಕ್ಕಿಸಿದರೆ ಅದು ಕೈಗೆ ಬರುತ್ತದೆ.

ಮುಖ್ಯವಾಗಿ ಬಾಟಲಿ. ನಮ್ಮಪ್ಪನಿಗೆ ನೀರು ಕುಡಿದ ಮೇಲೆ ಬಾಟಲಿ ತಿರುಚಿ, ಚಪ್ಪಟೆ ಮಾಡಿ, ಮುಚ್ಚಳ ಬಿಗಿದು ಇಡುವ ಅಭ್ಯಾಸ, ಜಾಗ ಉಳಿಯಲಿ ಅಂತ ಸರ್ವಿಸಿನಲ್ಲಿ ಕಲಿತದ್ದು. ಅಲ್ಲಿ ಹಾಗೆ ಮಾಡಬೇಡಿ! ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಬಾಟಲಿಗೂ, ಪಾನೀಯದ ಡಬ್ಬಿಗೂ ಸಾಮಾನ್ಯವಾಗಿ 25 ಸೆಂಟ್ ಡೆಪಾಸಿಟ್ ಇರುತ್ತದೆ, ಖಾಲಿ ಬಾಟಲಿ ವಾಪಸ್ ಹಾಕಿದಾಗ ಅಂಗಡಿಯ ಯಂತ್ರ ಅದರ ಬಾರ್‌ಕೋಡ್ ಓದಿದರೆ ಮಾತ್ರ ಚೀಟಿ ಬರುತ್ತದೆ, ಲೇಬಲ್ ಹರಿದಿದ್ದರೆ ಬಾಟಲಿಯನ್ನು ಹಾಗೇ ಹೊರಗೆ ತಳ್ಳುತ್ತದೆ. ಆ ಚೀಟಿ ಕೌಂಟರಿನಲ್ಲಿ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತಾರೆ.

ಬಸ್ಸು, ರೈಲಿನ ಟೈಮು 24 ಗಂಟೆ ಲೆಕ್ಕದಲ್ಲೇ ಇರುವುದರಿಂದ ನಿಮಗೆ ಸಲೀಸು. ಡಾಕ್ಟರ ಹತ್ತಿರ ಹೋಗುವಾಗ ಹೊತ್ತಿಗೆ ಮುಂಚೆ ತಲುಪುವ ಶಿಸ್ತನ್ನು ಬಿಡಲೇಬೇಡಿ, ಅಲ್ಲಿನವರಿಗೆ ಅದು ತುಂಬಾ ಇಷ್ಟ. ಆದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ನಾಲ್ಕೂವರೆಗೇ ಎಚ್ಚರವಾಗುತ್ತೆ ಅಲ್ವಾ, ಎದ್ದು ಶೂ ಪಾಲಿಶ್ ಮಾಡಿ, ಮಿಕ್ಸಿ ಮಾತ್ರ 6 ದಾಟಿದ ಮೇಲೆ.