ಹಾರ್ಬರ್‌ನಲ್ಲಿ ಮಂಡಿ ಲೆಕ್ಕ: ಡಿಬಿಎಫ್‌ನಿಂದ ಪೋಸ್ಟ್‌ಗ್ರೆಸ್‌ಗೆ

ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಬಳಸುವ ಭಾಷೆ ಹಾರ್ಬರ್. ಡಾಸ್ ಕಾಲದ ಕ್ಲಿಪ್ಪರ್ ಭಾಷೆಯ ಹಳೇ ಕೋಡನ್ನು ಇವತ್ತಿನ ಕಂಪ್ಯೂಟರಿನಲ್ಲೂ ಓಡಿಸುವ ಓಪನ್ ಸೋರ್ಸ್ ಕಂಪೈಲರ್ ಇದು, 1999ರಲ್ಲಿ ಶುರುವಾದದ್ದು. ಡಾಸ್ ಕಾಲದವರನ್ನು ಬಿಟ್ಟರೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆದರೂ ಬಿಲ್ಲು, ಲೆಡ್ಜರ್, ರಿಪೋರ್ಟಿಗೆ ಇದರಷ್ಟು ಬೇಗ ಕೈಗೆ ಒಗ್ಗುವ ಭಾಷೆ ನಾನು ಬೇರೆ ನೋಡಿಲ್ಲ.

ಹಾರ್ಬರ್ ಅಂದ್ರೆ ಡಿಬಿಎಫ್ ಫೈಲು (ಡೇಟಾವನ್ನು ಸಾಲುಸಾಲಾಗಿ ಇಡುವ ಹಳೇ ಮಾದರಿ) ಜೊತೆಗೇ ಬರುತ್ತದೆ. ಒಂದೇ ಕಂಪ್ಯೂಟರ್ ಇರುವ ಮಂಡಿಯಲ್ಲಿ ಅದರ ಬಗ್ಗೆ ತಕರಾರೇ ಇಲ್ಲ. ತೂಕದ ಹತ್ತಿರ ಒಂದು, ಗುಮಾಸ್ತರ ಮೇಜಿನ ಮೇಲೆ ಒಂದು, ಸಾಹುಕಾರರ ಕೋಣೆಯಲ್ಲಿ ಒಂದು ಬಂದಾಗ ಕಷ್ಟ ಶುರು. ಫೈಲು ಶೇರ್ ಮಾಡಿದ ಫೋಲ್ಡರಿನಲ್ಲಿದ್ದರೆ ಇಂಡೆಕ್ಸ್ (ರೆಕಾರ್ಡ್ ಬೇಗ ಹುಡುಕಲು ಇಡುವ ಸೂಚಿ) ತಿದ್ದುವ ಕೆಲಸವನ್ನು ಮೂರೂ ಕಂಪ್ಯೂಟರುಗಳು ತಾವೇ ಮಾಡುತ್ತವೆ. ನಡುವೆ ಕರೆಂಟ್ ಹೋಯಿತು ಅಂದ್ಕೊಳ್ಳಿ. ರೆಕಾರ್ಡ್ ಇರುತ್ತದೆ, ಇಂಡೆಕ್ಸಿನಲ್ಲಿ ಇರುವುದಿಲ್ಲ. ರೈತರು ಎದುರಿಗೇ ಕೂತಿರುತ್ತಾರೆ, ಅವರ ಖಾತೆ ಹುಡುಕಿದರೆ ಸಿಗುವುದಿಲ್ಲ.

ಇನ್ನೊಂದು ದೊಡ್ಡ ಕೊರತೆ ಟ್ರಾನ್ಸಾಕ್ಷನ್. ಒಂದು ಲಾಟ್ ರಾಶಿ ಅಡಿಕೆ ಮಾರಾಟವಾದರೆ ರೈತರ ಖಾತೆ, ಖರೀದಿದಾರರ ಖಾತೆ, ಕಮಿಷನ್, ಹಮಾಲಿ, ಕೊಟ್ಟ ಮುಂಗಡ, ಇಷ್ಟಕ್ಕೂ ಬರೆಯಬೇಕು. ಎಲ್ಲ ಆಗಬೇಕು, ಇಲ್ಲವೇ ಯಾವುದೂ ಆಗಬಾರದು. ಡಿಬಿಎಫ್‌ನಲ್ಲಿ ಆ ಭರವಸೆ ಇಲ್ಲ.

ಕನ್ನಡದ ಹೆಸರುಗಳದ್ದು ಬೇರೆಯೇ ಕಥೆ. ಹಳೇ ಫೈಲುಗಳಲ್ಲಿ ಹೆಸರಿಗೆ ಮೂವತ್ತು ಅಕ್ಷರದ ಫೀಲ್ಡ್ ಇರುತ್ತಿತ್ತು. ಆದರೆ ಆ ಮೂವತ್ತು ಲೆಕ್ಕವಾಗುವುದು ಬೈಟಿನಲ್ಲಿ. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು. ಕೊಂಬು, ಸೊನ್ನೆ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಮಂಜುನಾಥಯ್ಯ’ ಅಂತ ಬರೆದರೆ ಸರಿಯಾಗಿ 30 ಬೈಟು ಮುಗಿಯಿತು. ಊರಿನ ಹೆಸರು, ತಂದೆಯ ಹೆಸರು ಎಲ್ಲಿ ಹಾಕೋದು? ಒಂದೇ ಹೆಸರಿನ ನಾಲ್ಕು ಜನ ಇರುವ ಕಡೆ ಇದು ಸಣ್ಣ ವಿಷಯ ಅಲ್ಲ.

ಎಸ್‌ಕ್ಯೂಲೈಟ್ ನನಗೆ ಇಷ್ಟ, ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ ಇರುತ್ತದೆ. ಒಂಟಿ ಕಂಪ್ಯೂಟರಿನ ಮಂಡಿಗೆ ಈಗಲೂ ಅದನ್ನೇ ಹಾಕಿಕೊಡುತ್ತೇನೆ, ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟು. ಅದರಲ್ಲಿ ನಿಖರ ದಶಾಂಶದ ಟೈಪ್ ಇಲ್ಲ ನೋಡಿ. ನೆಟ್‌ವರ್ಕ್ ಫೋಲ್ಡರಿನಲ್ಲಿ ಮಾತ್ರ ಅದನ್ನು ಇಡಬಾರದು. ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಲಾಕಿಂಗ್ ಅಲ್ಲಿ ನಂಬುವ ಹಾಗಿಲ್ಲ.

ಹಾಗಾಗಿ ಮೂರು ಕಂಪ್ಯೂಟರಿನ ಮಂಡಿಗೆ, ಡೇಟಾವನ್ನು ಒಂದೇ ಕಡೆ ಕೂತು ಎಲ್ಲರಿಗೂ ನೋಡಿಕೊಳ್ಳುವ ಸರ್ವರ್ ಡೇಟಾಬೇಸ್, ಪೋಸ್ಟ್‌ಗ್ರೆಸ್. ಇಲ್ಲೂ ಎರಡು ದಾರಿ ಇದ್ದವು. ಒಂದೊಂದೇ ರೆಕಾರ್ಡ್ ಹುಡುಕಿ ಮುಂದೆ ಹೋಗುವ ಹಳೇ ಸೀಕ್, ಸ್ಕಿಪ್ ಕೋಡನ್ನು ಹಾಗೇ ಬಿಟ್ಟು, ಕೆಳಗೆ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ) ಮಾತಾಡುವ ಡ್ರೈವರ್ ಹಾಕುವುದು ಒಂದು. ಬೇಗ ಆಗುತ್ತದೆ ನಿಜ. ಆದರೆ ಸರ್ವರ್ ಒಂದೇ ಕ್ವೆರಿಯಲ್ಲಿ ಕೊಡುವ ಮೊತ್ತಕ್ಕೆ ಸಾವಿರಾರು ಸಾಲು ಎಳೆದು ತಂದು ಕೂಡಿಸುವ ಲೂಪು ಹಾಗೇ ಉಳಿಯುತ್ತದೆ. ನಾನು ಎರಡನೆಯದನ್ನು ಹಿಡಿದೆ: ಹಾರ್ಬರ್ ಜೊತೆ ಬರುವ ಎಚ್‌ಬಿ‌ಪಿಜಿಎಸ್‌ಕ್ಯೂಎಲ್ ಲೈಬ್ರರಿ, ಅದರ ಮೇಲೆ ಕೈಯಲ್ಲೇ ಬರೆದ ಎಸ್‌ಕ್ಯೂಎಲ್. ಹಣಕ್ಕೆ ನಿಖರ ದಶಾಂಶದ ನ್ಯೂಮರಿಕ್ ಟೈಪ್, ಹೆಸರಿಗೆ ಉದ್ದ ಮೊದಲೇ ಹೇಳಬೇಕಿಲ್ಲದ ಟೆಕ್ಸ್ಟ್. ಕನ್ನಡದ ಐಸಿಯು ಕೊಲೇಶನ್ (ಪದಗಳನ್ನು ಜೋಡಿಸುವ ಕ್ರಮದ ನಿಯಮ) ಹಾಕಿದರೆ ಪಟ್ಟಿ ಕನ್ನಡದ ವರ್ಣಮಾಲೆಯ ಕ್ರಮದಲ್ಲೇ ಬರುತ್ತದೆ.

ಬಿಲ್ ನಂಬರಿಗೆ ಮಾತ್ರ, ಮುಂದಿನ ನಂಬರನ್ನು ತಾನೇ ಕೊಡುವ ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ ಬಳಸಲಿಲ್ಲ. ಸೀಕ್ವೆನ್ಸ್ ಒಮ್ಮೆ ಕೊಟ್ಟ ನಂಬರನ್ನು ವಾಪಸ್ ತಗೊಳ್ಳುವುದಿಲ್ಲ. ಬಿಲ್ಲು ಅರ್ಧಕ್ಕೆ ರದ್ದಾದರೆ ನಂಬರ್ ಬಿಟ್ಟುಹೋಗುತ್ತದೆ. ಜಿಎಸ್‌ಟಿ ನಿಯಮದ ಪ್ರಕಾರ ನಂಬರ್ ಒಂದಾದ ಮೇಲೊಂದು ಬರಬೇಕು, 16 ಅಕ್ಷರ ಮೀರಬಾರದು, ಆರ್ಥಿಕ ವರ್ಷದಲ್ಲಿ ಮತ್ತೆ ಬರಬಾರದು. ಅದಕ್ಕೆ ವರ್ಷಕ್ಕೊಂದು ಸಾಲಿನ ಸಣ್ಣ ಟೇಬಲ್ ಮಾಡಿದೆ. ಬಿಲ್ಲಿನ ಟ್ರಾನ್ಸಾಕ್ಷನ್ ಒಳಗೇ ಆ ಸಾಲನ್ನು ಅಪ್‌ಡೇಟ್ ಮಾಡಿ, ರಿಟರ್ನಿಂಗ್ ಹಾಕಿ ನಂಬರ್ ಪಡೆಯುತ್ತೇನೆ. ಇನ್ನೊಂದು ಕಂಪ್ಯೂಟರ್ ಅಷ್ಟು ಹೊತ್ತು ಕಾಯುತ್ತದೆ. ಬಿಲ್ಲು ರದ್ದಾದರೆ ನಂಬರೂ ಹಿಂದಕ್ಕೆ ಹೋಗುತ್ತದೆ.

ಕಮಿಷನ್ ಲೆಕ್ಕ, ರೈತರ ಬಾಕಿ, ಎಲ್ಲ ಈಗ ಪೋಸ್ಟ್‌ಗ್ರೆಸ್‌ನ ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಮತ್ತು ಫಂಕ್ಷನ್‌ಗಳಲ್ಲೇ ಇವೆ. ಹಾರ್ಬರ್‌ಗೆ ಉಳಿದದ್ದು ಸ್ಕ್ರೀನು, ಪ್ರಿಂಟು. ಇದನ್ನು ಬೇಕಂತಲೇ ಮಾಡಿದ್ದು. ಹಾರ್ಬರ್ ಬಲ್ಲವರು ಸಿಗುವುದು ಕಷ್ಟ, ಎಸ್‌ಕ್ಯೂಎಲ್ ಬಲ್ಲವರು ಎಲ್ಲ ಕಡೆ ಇದ್ದಾರೆ. ಸಾಹುಕಾರರೊಬ್ಬರು ಬಾಕಿ ಪಟ್ಟಿ ಮೊಬೈಲಿನಲ್ಲಿ ಬೇಕು ಅಂದಾಗ, ಪೈಥಾನ್ ಗೊತ್ತಿದ್ದ ಹುಡುಗನೊಬ್ಬ ಅದೇ ವ್ಯೂ ಓದಿ ಮಾಡಿಕೊಟ್ಟ. ನನ್ನ ಹಾರ್ಬರ್ ಕೋಡನ್ನು ಅವನು ತೆರೆದು ನೋಡುವ ಅಗತ್ಯವೇ ಬರಲಿಲ್ಲ.